ಬನ್ನೂರು ಸೀಮೆಯಲ್ಲಿ ಕಲ್ಲಾಗಿ ನಿಂತವರು

ಮೈಸೂರಿನಿಂದ ಮಳವಳ್ಳಿಯ ಕಡೆಗೆ ಹೋಗುವ ರಸ್ತೆಯಲ್ಲಿ ಸುಮಾರು 25 ಕಿಲೋಮೀಟರು ಸಾಗಿದರೆ ಬನ್ನೂರು ಸಿಕ್ಕುತ್ತದೆ. ನಗರದ ಕೊನೆಯ ಮನೆಗಳು ಹಿಂದುಳಿದ ಮೇಲೆ ದಾರಿಯ ಎರಡು ಮಗ್ಗುಲಿಗೂ ಭತ್ತದ ಗದ್ದೆ, ಕಬ್ಬಿನ ಗದ್ದೆ, ನಡುನಡುವೆ ತೆಂಗಿನ ಸಾಲು. ಹೊಳೆ ಕಣ್ಣಿಗೆ ಬೀಳದಿದ್ದರೂ ಕಾವೇರಿ ಅಲ್ಲೆಲ್ಲೋ ಹತ್ತಿರದಲ್ಲಿಯೇ ಹರಿಯುತ್ತಿದ್ದಾಳೆಂಬುದನ್ನು ಪೈರಿನ ಬಣ್ಣವೇ ಸಾರುತ್ತದೆ. ಕಬ್ಬಿನ ಹೊರೆ ಹೊತ್ತ ಗಾಡಿಯೊಂದು ಎದುರಾದರೆ ಬಸ್ಸು ಮಣ್ಣಿನ ಅಂಚಿಗೆ ಇಳಿದು ನಿಲ್ಲಬೇಕು. ಆ ಬಿಡುವಿನಲ್ಲಿ ಕಿಟಕಿಯ ಹೊರಗೆ ಕಣ್ಣು ಹಾಯಿಸಿದ ಪ್ರಯಾಣಿಕನಿಗೆ ಒಂದು ಹಿಂಡು ಕುರಿ ಕಾಣಿಸಿದರೆ, ಬನ್ನೂರು ಬಂತೆಂದೇ ತಿಳಿಯಬಹುದು.

ಬನ್ನೂರು ಎಂದೊಡನೆ ಕನ್ನಡ ನಾಡಿನ ಬಹುಮಂದಿಗೆ ಮೊದಲು ನೆನಪಾಗುವುದು ಅಲ್ಲಿಯ ದೇವರಲ್ಲ, ಅಲ್ಲಿ ಹುಟ್ಟಿದ ಯತಿಯೂ ಅಲ್ಲ, ಕುರಿ! ಗಿಡ್ಡ ಕಾಲು, ತುಂಬಿದ ಮೈ, ಕೊಂಬಿಲ್ಲದ ತಲೆ, ಎಲೆಯಂತೆ ಜೋಲುಬಿದ್ದ ಉದ್ದ ಕಿವಿ. ಹಿಂದಿನಿಂದ ನೋಡಿದರೆ ತೊಡೆಗಳ ನಡುವಣ ಆಕಾರ ಬೋರಲು ಹಾಕಿದ ಲಾಳದಂತೆ. ಎಷ್ಟೋ ಕುರಿಗಳ ಕುತ್ತಿಗೆಯಲ್ಲಿ ಗಾದೆಗೆ ವಸ್ತುವಾದ ಆ ಕೊರಳ ಮೊಲೆಗಳೂ ಉಂಟು. ಈ ತಳಿಯ ಮೂಲಸ್ಥಾನ ಮಳವಳ್ಳಿ ತಾಲ್ಲೂಕಿನ ಬಂಡೂರು; ಸರಕಾರದ ಕಡತಗಳಲ್ಲಿ ಇದಕ್ಕೆ ಮಂಡ್ಯ ಕುರಿ ಎಂಬ ಹೆಸರು; ಮಾಂಸದಂಗಡಿಯ ಹಲಗೆಯ ಮೇಲೆ ಮಾತ್ರ ಬನ್ನೂರಿನದೇ ಗೆಲುವು. ಬೆಂಗಳೂರಿನ ಹೋಟೆಲುಗಳಲ್ಲಿ ಬನ್ನೂರು ಕುರಿಯೆಂದು ಬಡಿಸುವ ಮಾಂಸವೆಲ್ಲ ನಿಜವಾಗಿ ಈ ತಳಿಯದೇ ಆಗಿದ್ದರೆ ಈ ಸೀಮೆಯಲ್ಲಿ ಮನುಷ್ಯರು ಕಾಲಿಡಲು ಜಾಗವಿರುತ್ತಿರಲಿಲ್ಲ. ಅಪ್ಪಟ ತಳಿ ಅಳಿಯದಿರಲೆಂದು ಮಳವಳ್ಳಿ ತಾಲ್ಲೂಕಿನ ಧನಗೂರಿನಲ್ಲಿ ಸರಕಾರ ಒಂದು ಕುರಿ ಸಂವರ್ಧನ ಕೇಂದ್ರವನ್ನೇ ನಡೆಸಬೇಕಾಗಿ ಬಂದಿದೆ.

ಕುರಿಯ ಮಾತು ಇರಲಿ. ಬನ್ನೂರು ತಿರುಮಕೂಡಲು ನರಸೀಪುರ ತಾಲ್ಲೂಕಿಗೆ ಸೇರಿದ ಊರು. ತಾಲ್ಲೂಕಿನ ಹೆಸರನ್ನು ಪೂರ್ತಿಯಾಗಿ ಉಚ್ಚರಿಸುವ ತಾಳ್ಮೆ ಯಾರಿಗೂ ಇಲ್ಲದ್ದರಿಂದ ಅದು ಟಿ. ನರಸೀಪುರವಾಗಿದೆ. ಬೆಳಗಿನ ಹೊತ್ತು ಬಸ್ ನಿಲ್ದಾಣದ ಸುತ್ತ ಹೂ ಮಾರುವವರು, ಹಾಲಿನ ಕ್ಯಾನು ತೂಗಿಕೊಂಡ ಸೈಕಲ್ಲುಗಳು, ಮೈಸೂರಿನ ಕಾಲೇಜಿಗೆ ಹೊರಟ ಹುಡುಗ ಹುಡುಗಿಯರು, ವಕೀಲರನ್ನು ಕಾಣಲು ಕಾಗದದ ಚೀಲ ಹಿಡಿದು ನಿಂತ ರೈತರು. ಊರಿನ ದೇವತೆ ಹೇಮಾದ್ರಾಂಬೆ. ಆಕೆಯ ಜಾತ್ರೆಗೆ ಸುತ್ತಣ ಹಳ್ಳಿಗಳೆಲ್ಲ ನೆರೆಯುತ್ತವೆ. ಮದುವೆಯಾಗಿ ದೂರ ಹೋದ ಹೆಣ್ಣುಮಕ್ಕಳು ತವರಿಗೆ ಬರುವುದು ಆಗಲೇ. ಕೋದಂಡರಾಮನ ಗುಡಿಯೂ ಇಲ್ಲುಂಟು. ಈ ದೇವರುಗಳಿಗೆ ದಿನವೂ ಎಣ್ಣೆ ದೀಪ, ಹೂ, ನೈವೇದ್ಯ ಸಲ್ಲುತ್ತವೆ. ಅವರ ಮುಖದ ಕೆತ್ತನೆ ಎಷ್ಟು ನಯವಾದುದೆಂದು ವಿಚಾರಿಸುವ ಗೊಡವೆ ಭಕ್ತರಿಗಿಲ್ಲ; ಅಲಂಕಾರ ಸರಿಯಾಗಿದ್ದರೆ ಸಾಕು.

ವಿಜಯನಗರದ ವೈಭವದ ಕಾಲದಲ್ಲಿ ರಾಜಗುರುವಿನಂತೆ ಪೂಜೆಗೊಂಡ ವ್ಯಾಸರಾಯರು ಹುಟ್ಟಿದ್ದು ಬನ್ನೂರಿನಲ್ಲಿ ಎಂದು ಸಂಪ್ರದಾಯ ಹೇಳುತ್ತದೆ. ಅಬ್ಬೂರಿನಲ್ಲಿ ಬ್ರಹ್ಮಣ್ಯತೀರ್ಥರ ಬಳಿ ಬೆಳೆದು, ಮುಳಬಾಗಿಲಿನಲ್ಲಿ ಶ್ರೀಪಾದರಾಜರ ಪಾದದ ಬಳಿ ಓದಿ, ತರ್ಕಗ್ರಂಥಗಳನ್ನೂ ದೇವರನಾಮಗಳನ್ನೂ ಒಂದೇ ಕೈಯಿಂದ ಬರೆದ ಈ ಯತಿಗಳು 1539ರಲ್ಲಿ ದೇಹ ಬಿಟ್ಟರು. ಆನೆಗೊಂದಿಯ ನವವೃಂದಾವನದಲ್ಲಿ ಅವರ ವೃಂದಾವನವಿದೆ. ಪಂಡಿತರು ಅವರನ್ನು ಗ್ರಂಥಗಳಿಗಾಗಿ ನೆನೆಯಬಹುದು. ಹಳ್ಳಿಯ ಜನ ಅವರನ್ನು ನೆನೆಯುವುದು ಹನುಮಂತರಾಯನಿಗಾಗಿ. ನಾಡಿನಲ್ಲೆಲ್ಲ 732 ಆಂಜನೇಯ ಮೂರ್ತಿಗಳನ್ನು ಅವರು ಪ್ರತಿಷ್ಠಿಸಿದರೆಂಬುದು ಪ್ರತೀತಿ. ಲೆಕ್ಕವನ್ನು ಯಾರು ಇಟ್ಟರೋ! ಆದರೆ ಕೋಟೆಯ ಬಾಗಿಲು, ಕೆರೆಯ ಏರಿ, ಊರ ಮುಂದಣ ದಾರಿ — ಇಂಥ ಬಯಲಿನ ಜಾಗಗಳಲ್ಲಿ ಪಕ್ಕಕ್ಕೆ ತಿರುಗಿ, ಒಂದು ಕೈ ಎತ್ತಿ, ಬಾಲವನ್ನು ತಲೆಯ ಮೇಲಕ್ಕೆ ಬಳಸಿ, ಅದರ ತುದಿಗೆ ಗಂಟೆ ಕಟ್ಟಿಕೊಂಡು ನಿಂತ ಹನುಮನನ್ನು ಕಂಡೊಡನೆ ಜನ ವ್ಯಾಸರಾಯರ ಹೆಸರು ಹೇಳುತ್ತಾರೆ. ಒಳಗಣ ಗರ್ಭಗುಡಿಯ ಕತ್ತಲೆಯನ್ನು ಬಿಟ್ಟು ದಾರಿಹೋಕರ ಕಣ್ಣಿಗೆ ಬೀಳುವಂತೆ ನಿಂತ ಈ ಮೂರ್ತಿಗಳೇ ಕನ್ನಡ ನಾಡಿನ ನಿಜವಾದ ಸಾರ್ವಜನಿಕ ವಿಗ್ರಹಗಳು ಎಂದರೆ ತಪ್ಪಾಗಲಾರದು. ಲಾರಿಯವನು ಚಕ್ರ ನಿಲ್ಲಿಸದೆಯೇ ಕೈ ಮುಗಿಯುವ ವಿಗ್ರಹ ಇನ್ನಾವುದುಂಟು?

ಹನುಮನಿಗಿಂತ ಹಳಬರಾದ ಕಲ್ಲಾಳುಗಳೂ ಈ ಸೀಮೆಯಲ್ಲಿದ್ದಾರೆ. ಊರೊಳಗಿನ ಅರಳಿಕಟ್ಟೆಯ ಬುಡ, ಪಾಳುಬಿದ್ದ ಗುಡಿಯ ಹಿಂಭಾಗ, ಕೆರೆಯ ಕೋಡಿ, ಹೊಲದ ಬದು — ಎಲ್ಲಿ ನೋಡಿದರೂ ವೀರಗಲ್ಲು. ಸಾಮಾನ್ಯವಾಗಿ ಅದು ಮೂರು ಅಂತಸ್ತಿನ ಕಥೆ. ಕೆಳಗಿನ ಪಟ್ಟಿಯಲ್ಲಿ ಕಾದಾಟ. ನಡುವೆ ಸತ್ತ ವೀರನನ್ನು ತೋಳು ಹಿಡಿದು ಮೇಲಕ್ಕೊಯ್ಯುವ ದೇವಕನ್ಯೆಯರು. ಮೇಲೆ ಕೈಲಾಸ, ಲಿಂಗದ ಮುಂದೆ ಕೈಮುಗಿದು ಕುಳಿತ ಅದೇ ವೀರ. ನೆತ್ತಿಯಲ್ಲಿ ಸೂರ್ಯ ಚಂದ್ರ. ಪಕ್ಕದಲ್ಲಿ ಬಳೆ ತೊಟ್ಟ ಒಂದು ತೋಳು ಕಂಬದಿಂದ ಹೊರಟು ನಿಂತಿದ್ದರೆ ಅದು ಮಾಸ್ತಿಕಲ್ಲು. ತುರುಗಳನ್ನು ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತವನು, ಹೆಂಗಸರ ಮಾನ ಕಾಯಲು ಹೋಗಿ ಸತ್ತವನು, ಊರಿಗೆ ಬಿದ್ದ ದಾಳಿಯಲ್ಲಿ ಸತ್ತವನು — ಅರಸನಲ್ಲದ, ಅಧಿಕಾರಿಯಲ್ಲದ ಸಾಮಾನ್ಯ ಒಕ್ಕಲಿಗೂ ಕಲ್ಲು ನಿಲ್ಲಿಸುವ ಪದ್ಧತಿ ಈ ನಾಡಿನಲ್ಲಿ ಸಾವಿರ ವರ್ಷಗಳ ಹಿಂದೆಯೇ ಇತ್ತು.

ಇಂದು ಆ ಕಲ್ಲುಗಳ ಪಾಡೇನು? ಕೆಲವಕ್ಕೆ ವೀರಭದ್ರನೆಂದೋ ಭೈರವನೆಂದೋ ಹೆಸರು ಬಂದು ಅರಿಶಿನ ಕುಂಕುಮದ ಭಾಗ್ಯ ಒದಗಿದೆ. ಕೆಲವು ನೆಲಕ್ಕೆ ಒರಗಿ, ಮಕ್ಕಳ ಜಾರುಬಂಡೆಯಾಗಿವೆ. ಇನ್ನು ಕೆಲವು ಕೆರೆಯ ಮೆಟ್ಟಿಲಿಗೆ ಹಾಸುಗಲ್ಲಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ವೀರನ ಮೂಗು ಕಿವಿ ಸೋಪಿನ ನೀರಿನಲ್ಲಿ ಸವೆದುಹೋಗಿವೆ. ರಸ್ತೆ ಅಗಲವಾದಾಗ ಬುಲ್ಡೋಜರಿನ ಬಾಯಿಗೆ ಬಿದ್ದುವು ಎಷ್ಟೋ. ಹಾಗೆಂದು ಹಳ್ಳಿಗರನ್ನು ದೂರುವುದು ಸುಲಭ, ನ್ಯಾಯವಲ್ಲ. ಅಕ್ಷರ ಸವೆದು, ವಂಶ ಅಳಿದು, ಯಾರ ಕಲ್ಲೆಂಬುದೇ ಮರೆತ ಮೇಲೆ ಒಗೆಯುವ ಕಲ್ಲಾಗಿ ದಿನವೂ ಬಳಕೆಯಲ್ಲಿರುವುದು ಮಣ್ಣಿನಲ್ಲಿ ಹೂತುಹೋಗುವುದಕ್ಕಿಂತ ಮೇಲೇ ಇರಬೇಕು.

ಇದೇ ತಾಲ್ಲೂಕಿನ ದೊಡ್ಡಹುಂಡಿಯಲ್ಲಿ ದೊರೆತ ಒಂದು ಕಲ್ಲನ್ನು ಇಲ್ಲಿ ಹೇಳಲೇಬೇಕು. ಅದು 9ನೆಯ ಶತಮಾನದ್ದು. ವಿದ್ವಾಂಸರಲ್ಲಿ ಕೆಲವರು 840ರದೆಂದೂ ಕೆಲವರು 869ರದೆಂದೂ ಎಣಿಸುತ್ತಾರೆ. ತಲಕಾಡಿನ ಗಂಗರ ದೊರೆ ನೀತಿಮಾರ್ಗನ ಮರಣವನ್ನು ಅದರ ಮೇಲೆ ಕೆತ್ತಿದೆ. ಅರಸರನ್ನು ಆನೆಯ ಮೇಲೆ, ಸಿಂಹಾಸನದ ಮೇಲೆ, ಶತ್ರುವಿನ ಎದೆಯ ಮೇಲೆ ತೋರಿಸುವ ಶಿಲ್ಪಗಳಿಗೆ ಲೆಕ್ಕವಿಲ್ಲ. ಇಲ್ಲಿಯ ದೊರೆ ಮಂಚದ ಮೇಲೆ ಒರಗಿದ್ದಾನೆ, ಸಾಯುತ್ತಿದ್ದಾನೆ. ಅವನ ಸೇವಕ ಅವನನ್ನು ಆತುಕೊಂಡಿದ್ದಾನೆ; ಬಳಿಯಲ್ಲಿ ಮಗ ಸತ್ಯವಾಕ್ಯ. ಕೆತ್ತಿದವನು ಕಿರೀಟಕ್ಕಿಂತ ಆ ಆಯಾಸವನ್ನೇ ಕಂಡಿದ್ದಾನೆ. ಶಾಸನದ ಪ್ರಕಾರ ಆ ಸೇವಕ, ಅರಸನ ಮನೆಮಗನೆನಿಸಿದ ಅಗರಯ್ಯ, ಒಡೆಯನಿಗೆ ಕೀಳ್ಗುಂಟೆಯಾದ. ಒಡೆಯನ ಸಮಾಧಿಯ ಕೆಳಗೆ ತಾನೂ ಹೋಗಿ ಸೇರುವ ಆ ಘೋರ ಪದ್ಧತಿಯನ್ನು ಮೆಚ್ಚುವಂತಿಲ್ಲ. ಆದರೂ ಒಂದು ಮಾತು ನಿಜ: ದೊರೆಯ ಕಲ್ಲಿನಲ್ಲಿ ಆಳಿನ ಹೆಸರೂ ನಿಂತಿತು, ಆಳಿನ ಮುಖವೂ ನಿಂತಿತು. 1894ರಲ್ಲಿ ಬಿ. ಎಲ್. ರೈಸರು ಮೈಸೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ ಮೂರನೆಯ ಸಂಪುಟವಾಗಿ ಅಚ್ಚು ಮಾಡಿಸಿದಾಗ ಅಗರಯ್ಯನು ಪುಸ್ತಕದ ಪುಟಕ್ಕೂ ಬಂದ. ಸೋಮನಾಥಪುರಕ್ಕೆ ಬರುವ ಪ್ರವಾಸಿ ಬಸ್ಸುಗಳು ದೊಡ್ಡಹುಂಡಿಯ ಕಡೆಗೆ ತಿರುಗುವುದಿಲ್ಲ.

ಆಳಿಗೇನು, ನಾಯಿಗೂ ಕಲ್ಲು ನಿಲ್ಲಿಸಿದ ನಾಡು ಇದು. ಕಾವೇರಿಯಾಚೆ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನವನ್ನು ಕನ್ನಡ ಓದಿದವರೆಲ್ಲ ಬಲ್ಲರು. 949ರ ತಕ್ಕೋಲದ ಕದನದಲ್ಲಿ ಗಂಗ ಬೂತುಗನ ಪಕ್ಷದಲ್ಲಿ ಪರಾಕ್ರಮ ಮೆರೆದ ಮಣಲೆರನಿಗೆ ‘ಬೇಕಾದುದನ್ನು ಕೇಳು’ ಎಂಬ ಅನುಗ್ರಹವಾಯಿತು. ಅವನು ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ; ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ಕಾಳಿ ಬೆಳತೂರಿನ ಬಳಿಯ ಗುಡ್ಡದಲ್ಲಿ ಒಂದು ಹಂದಿಯ ಮೇಲೆ ಬಿದ್ದು, ಎರಡೂ ಹೋರಾಡಿ ಸತ್ತವು. ಮಣಲೆರನು ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ನಾಯಿಗೂ ಹಂದಿಗೂ ನಡೆದ ಕಾಳಗವನ್ನು ಅದರ ಮೇಲೆ ಕೆತ್ತಿಸಿದ. ಇಲ್ಲಿಯವರೆಗಿನದು ಪ್ರೀತಿಯ ಮಾತು. ಮುಂದಿನದು ವ್ಯವಹಾರದ ಮಾತು. ಕಲ್ಲಿಗೆ ಭೂಮಿಯನ್ನು ಬಿಟ್ಟುಕೊಟ್ಟು, ಅಲ್ಲಿನ ಪೂಜಾರಿಯು ಕಲ್ಲನ್ನು ಪೂಜಿಸದೆ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲೆಂದು ಬರೆಸಿದ. ವಿಗ್ರಹ ನಿಲ್ಲಿಸುವುದು ಒಂದು ದಿನದ ಕೆಲಸ, ಅದನ್ನು ನೋಡಿಕೊಳ್ಳುವುದು ದಿನದಿನದ ಕೆಲಸವೆಂದು ಮಣಲೆರನಿಗೆ ಗೊತ್ತಿತ್ತು. ಕಾಳಿಯ ಕಲ್ಲು ಈಗ ಬೆಂಗಳೂರಿನ ಸರಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಕಳವಿಲ್ಲ, ಮಳೆಯಿಲ್ಲ, ಪೂಜೆಯೂ ಇಲ್ಲ. ಪಾಪ ಯಾರಿಗೆ ತಟ್ಟುವುದೋ, ಶಾಸನ ಅದನ್ನು ಮುಂಗಂಡಿರಲಿಲ್ಲ.

ಬನ್ನೂರಿನಿಂದ ಹತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಸೋಮನಾಥಪುರಕ್ಕೆ ಬಂದಾಗ ಈ ಪ್ರಶ್ನೆ ಇನ್ನೂ ದೊಡ್ಡದಾಗುತ್ತದೆ. ಹೊಯ್ಸಳ ಮೂರನೆಯ ನರಸಿಂಹನ ದಂಡನಾಯಕ ಸೋಮನಾಥನು ಇಲ್ಲಿ ಅಗ್ರಹಾರ ಮಾಡಿ, ತನ್ನ ಹೆಸರನ್ನೇ ಊರಿಗೆ ಇಟ್ಟು, 1258ರಲ್ಲಿ ಕೇಶವನನ್ನು ಪ್ರತಿಷ್ಠೆ ಮಾಡಿಸಿದ. ಹೊರಗಿನಿಂದ ನೋಡಿದರೆ ಏನೂ ಕಾಣುವುದಿಲ್ಲ. ಹೆಬ್ಬಾಗಿಲಿನ ಬಳಿ ಎತ್ತರದ ಶಾಸನದ ಕಲ್ಲು ಕಾವಲುಗಾರನಂತೆ ನಿಂತಿದೆ. ಒಳಗೆ ಕಾಲಿಟ್ಟಾಗ ಒಮ್ಮೆಗೇ ಅಂಗಳ, ಸುತ್ತ 64 ಗೂಡುಗಳ ಕೈಸಾಲೆ, ನಡುವೆ ನಕ್ಷತ್ರಾಕಾರದ ಜಗತಿಯ ಮೇಲೆ ಮೂರು ಗೋಪುರಗಳ ಗುಡಿ. ಗೋಡೆಯ ತಳದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆ ಸವಾರರು, ಬಳ್ಳಿ, ಮತ್ತೆ ರಾಮಾಯಣ, ಭಾಗವತ, ಭಾರತಗಳ ಕಥೆ. ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ಬಡಿದಂತೆ ಗಟ್ಟಿಯಾಗುತ್ತದೆಂದು ಬಲ್ಲವರು ಹೇಳುತ್ತಾರೆ. ಅದಕ್ಕೇ ಇರಬೇಕು, ವೇಣುಗೋಪಾಲನ ಕೊಳಲು ಕೇಳಿ ತಲೆಯೆತ್ತಿದ ಹಸುಗಳ ಕಿವಿ ಕೂಡ ಇಷ್ಟು ನಯವಾಗಿ ಬಂದಿರುವುದು.

ಗೋಡೆಯ ದೊಡ್ಡ ವಿಗ್ರಹಗಳ ಪೀಠವನ್ನು ಬಗ್ಗಿ ನೋಡಬೇಕು. ಅಲ್ಲಿ ಹೆಸರುಗಳಿವೆ: ಮಲ್ಲಿತಮ್ಮ, ಮಸಣಿತಮ್ಮ, ಬಾಲೆಯ, ಚೌಡೆಯ, ಬಾಮೆಯ, ನಂಜಯ. ಬನ್ನೂರಿನ ಸಂತೆಯಲ್ಲಿ ಕೂಗಿದರೆ ಇಂದೂ ಯಾರಾದರೂ ತಿರುಗಿ ನೋಡಬಹುದಾದಂಥ ಮನೆಮಾತಿನ ಹೆಸರುಗಳು! ತಂಜಾವೂರಿನ ಮಹಾಗೋಪುರವನ್ನೋ ಎಲ್ಲೋರದ ಕೈಲಾಸವನ್ನೋ ಕಡೆದ ಕೈಗಳು ಹೀಗೆ ಪ್ರತಿಮೆ ಪ್ರತಿಮೆಗೂ ರುಜು ಹಾಕಿ ಹೋಗಲಿಲ್ಲ. ಮಲ್ಲಿತಮ್ಮನೊಬ್ಬನದೇ ನಲವತ್ತಕ್ಕೂ ಹೆಚ್ಚು ವಿಗ್ರಹಗಳು ಇಲ್ಲಿವೆಯೆಂದು ಎಣಿಕೆ. 1196ರ ಅಮೃತಾಪುರದ ಗುಡಿಯಲ್ಲಿಯೂ ಅದೇ ಹೆಸರುಂಟು. 1246ರ ನುಗ್ಗೇಹಳ್ಳಿಯಲ್ಲಿಯೂ ಉಂಟು. ಎಲ್ಲ ಕಡೆಯೂ ಒಬ್ಬನೇ ಮಲ್ಲಿತಮ್ಮನೆಂದು ನಂಬುವ ವಿದ್ವಾಂಸರ ಮಾತನ್ನು ಒಪ್ಪಿದರೆ, ಉಳಿ ಹಿಡಿದ ಹುಡುಗ ಸೋಮನಾಥಪುರಕ್ಕೆ ಬರುವಾಗ ಅರುವತ್ತು ವರ್ಷ ಕಲ್ಲು ಕಡೆದ ಮುದುಕ. ಕಣ್ಣು ಮಂಜಾಗಿರಲಿಲ್ಲವೆಂಬುದಕ್ಕೆ ಗೋಡೆಯೇ ಸಾಕ್ಷಿ. 1917ರಲ್ಲಿ ಆರ್. ನರಸಿಂಹಾಚಾರ್ಯರು ಈ ಗುಡಿಯ ಮೇಲೆ ಒಂದು ಪುಸ್ತಕವನ್ನೇ ಬರೆದು ಪ್ರಕಟಿಸಿದ ಮೇಲೆ ಈ ಹೆಸರುಗಳು ವಿದ್ವಾಂಸರ ಬಾಯಿಗೆ ಬಂದುವು.

ಗುಡಿ ಕಟ್ಟಿದ್ದು ಯಾರಿಗಾಗಿಯೋ ಆ ಮೂಲ ಕೇಶವ ಮಾತ್ರ ಇಂದಿಲ್ಲ. ಜನಾರ್ದನ ಇದ್ದಾನೆ, ವೇಣುಗೋಪಾಲ ಇದ್ದಾನೆ. ನಡುವಣ ಒಡೆಯನೇ ಕಾಣೆ. ಗೋಡೆಯ ಮೂರ್ತಿಗಳಲ್ಲಿ ಕೈ ಮುರಿದವು, ಮೂಗು ಹಾರಿದವು ಬೇಕಾದಷ್ಟು. ಭಗ್ನವಾದ ಮೂರ್ತಿಗೆ ಪೂಜೆಯಿಲ್ಲವೆಂಬುದು ಶಾಸ್ತ್ರ. ಆದ್ದರಿಂದ ಬನ್ನೂರಿನ ಕೋದಂಡರಾಮನಿಗೆ ದಿನವೂ ಸಲ್ಲುವ ಹೂ ದೀಪ, ಅವನಿಗಿಂತ ನೂರು ಪಾಲು ಸೊಗಸಾದ ಸೋಮನಾಥಪುರದ ದೇವರಿಗೆ ಸಲ್ಲುವುದಿಲ್ಲ. ಅವನಿಗೆ ಸಲ್ಲುವುದು ಪ್ರವೇಶದ ಚೀಟಿ, ಹುಲ್ಲುಹಾಸು, ಪುರಾತತ್ತ್ವ ಇಲಾಖೆಯ ನೀಲಿ ಹಲಗೆ. 2023ರ ಸೆಪ್ಟೆಂಬರಿನಲ್ಲಿ ಬೇಲೂರು ಹಳೇಬೀಡುಗಳ ಜೊತೆಗೆ ಈ ಗುಡಿಯನ್ನೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಸಂತೋಷದ ಸಂಗತಿಯೇ. ಆದರೆ ಅದೇ ಊರಿನಲ್ಲಿ ಸೋಮನಾಥ ದಂಡನಾಯಕನ ಕಾಲದ ಪಂಚಲಿಂಗೇಶ್ವರನ ಗುಡಿ ಪಾಳಾಗಿದೆ. ಅದು ಎಲ್ಲಿದೆಯೆಂದು ಕೇಳುವ ಪ್ರವಾಸಿ ಅಪರೂಪ. ಕೇಳಿದರೆ ಎಳನೀರು ಮಾರುವವರು ಸಂತೋಷದಿಂದ ದಾರಿ ತೋರಿಸುತ್ತಾರೆ.

ಈ ಕಾಲವೂ ವಿಗ್ರಹ ನಿಲ್ಲಿಸುವುದರಲ್ಲಿ ಹಿಂದೆ ಬಿದ್ದಿಲ್ಲ. ಬನ್ನೂರಿನ ರೈತ ಮೈಸೂರಿಗೆ ಹೋದರೆ ಕೃಷ್ಣರಾಜ ವೃತ್ತದಲ್ಲಿ ಬಿಳಿಯ ಕಲ್ಲಿನ ನಾಲ್ವಡಿಯವರು ಛತ್ರಿಯ ಕೆಳಗೆ ನಿಂತಿರುತ್ತಾರೆ. ಕನ್ನಂಬಾಡಿಯ ನೀರನ್ನು ನೆನೆದು ಆ ಕಡೆಗೆ ಕೈಯೆತ್ತುವ ಹಿರಿಯರು ಈಗಲೂ ಇದ್ದಾರೆ. ಸಣ್ಣ ಊರುಗಳ ವೃತ್ತಗಳಲ್ಲಿ ನೀಲಿ ಕೋಟು ತೊಟ್ಟು ಪುಸ್ತಕ ಹಿಡಿದ ಅಂಬೇಡ್ಕರರು, ಕುದುರೆಯೇರಿದ ಸಂಗೊಳ್ಳಿ ರಾಯಣ್ಣ, 2021ರಲ್ಲಿ ತೀರಿಕೊಂಡ ಮೇಲೆ ಪುನೀತ್ ರಾಜಕುಮಾರ್. ಬೆಂಗಳೂರಿನ ವಿಮಾನ ನಿಲ್ದಾಣದ ಬಳಿ 2022ರಲ್ಲಿ ಕೆಂಪೇಗೌಡರು 108 ಅಡಿ ಎದ್ದು ನಿಂತರು. ಸಾರ್ವಜನಿಕ ರಸ್ತೆಗಳಲ್ಲಿ ಹೊಸ ಪ್ರತಿಮೆಗೆ ಅವಕಾಶ ಕೊಡಬಾರದೆಂದು 2013ರಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಬೇಕಾಗಿ ಬಂದಿತೆಂದರೆ ಉತ್ಸಾಹದ ಪ್ರಮಾಣ ತಿಳಿಯುತ್ತದೆ. ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸಲ್ಲದು. ಕೇರಿಯ ಜನ ಕೂಲಿಯ ಹಣದಿಂದ ಚಂದಾ ಎತ್ತಿ ನಿಲ್ಲಿಸಿದ ಅಂಬೇಡ್ಕರರ ಪ್ರತಿಮೆಗೂ, ಚುನಾವಣೆಯ ಮುನ್ನ ಎದ್ದ ಪ್ರತಿಮೆಗೂ ಅಂತರ ಬಹಳ. ಮೊದಲನೆಯದರ ಕೆಳಗೆ ಸಂಜೆ ನಾಲ್ಕು ಜನ ಕುಳಿತು ಪತ್ರಿಕೆ ಓದುತ್ತಾರೆ; ಎರಡನೆಯದಕ್ಕೆ ವರುಷಕ್ಕೊಂದು ಹಾರ, ಉಳಿದ ದಿನ ಕಾಗೆ.

ನಿಲ್ಲಿಸಿದ್ದನ್ನು ಇಳಿಸುವುದೂ ಲೋಕದಲ್ಲಿ ಉಂಟು. ಕ್ರಿಕೆಟಿನಿಂದಾಗಿ ನಮ್ಮ ಹುಡುಗರಿಗೂ ಪರಿಚಿತವಾದ ಕೆರಿಬಿಯನ್ ದ್ವೀಪ ಬಾರ್ಬಡೋಸಿನ ರಾಜಧಾನಿ ಬ್ರಿಜ್‌ಟೌನಿನ ಚೌಕದಲ್ಲಿ ಇಂಗ್ಲಿಷ್ ನೌಕಾಪತಿ ನೆಲ್ಸನ್ನನ ಕಂಚಿನ ಪ್ರತಿಮೆ 1813ರಿಂದ ನಿಂತಿತ್ತು. ಗುಲಾಮರ ವ್ಯಾಪಾರವನ್ನು ಬೆಂಬಲಿಸಿದವನನ್ನು ಗುಲಾಮರ ಮೊಮ್ಮಕ್ಕಳು ದಿನವೂ ನೋಡಬೇಕೆ ಎಂಬ ಕೂಗು ಬಲಿತು, 2020ರ ನವೆಂಬರ್ 16ರಂದು ಅದನ್ನು ಕೆಳಗಿಳಿಸಿದರು. ಅದೇ ದ್ವೀಪದ ಒಂದು ಕೂಡುರಸ್ತೆಯಲ್ಲಿ ಸಂಕೋಲೆ ಕಡಿದ ಕೈಗಳನ್ನೆತ್ತಿ ನಿಂತ ಗುಲಾಮನ ಪ್ರತಿಮೆಯಿದೆ. ಕಾರ್ಲ್ ಬ್ರೂಡ್‌ಹಾಗನ್ ಎಂಬ ಶಿಲ್ಪಿಯ ಕೃತಿ; ನಿಲ್ಲಿಸಿದ್ದು 1985ರಲ್ಲಿ. ಶಿಲ್ಪಿ ಅದಕ್ಕೆ ಯಾವ ವ್ಯಕ್ತಿಯ ಹೆಸರನ್ನೂ ಇಟ್ಟಿರಲಿಲ್ಲ. 1816ರ ದಂಗೆಯ ನಾಯಕ ಬಸ್ಸಾ ಇವನೇ ಎಂದು ಜನ ತಾವೇ ಹೆಸರಿಟ್ಟುಕೊಂಡರು. ಹೆಸರು ಮರೆತ ವೀರಗಲ್ಲಿಗೆ ನಮ್ಮ ಹಳ್ಳಿಗರು ಭೈರವನೆಂದು ಹೆಸರಿಟ್ಟಂತೆಯೇ ಸರಿ.

ಸೋಮನಾಥಪುರದಿಂದ ದಾರಿ ತೆಂಕಲಿಗೆ ತಿರುಗಿ ತಿರುಮಕೂಡಲನ್ನು ಮುಟ್ಟುತ್ತದೆ. ಕಾವೇರಿಗೆ ಕಪಿಲೆ ಬಂದು ಕೂಡುವ ಜಾಗ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಸೇರಿಸಿ ಮೂರು ಕೂಡಲು. 1989ರಿಂದ ಇಲ್ಲಿ ಕುಂಭಮೇಳವೂ ನಡೆಯುತ್ತ ಬಂದಿದೆ. ಹೊಳೆಯ ಒಂದು ದಡದಲ್ಲಿ ಅಗಸ್ತ್ಯೇಶ್ವರ. ಇನ್ನೊಂದು ದಡದಲ್ಲಿ ಗುಂಜಾ ನರಸಿಂಹ. ನರಸಿಂಹನ ಕುರಿತ ಐತಿಹ್ಯ ಹೀಗಿದೆ: ಒಬ್ಬ ಮಡಿವಾಳನ ಕನಸಿನಲ್ಲಿ ದೇವರು ಬಂದು, ತನಗೆ ಗುಡಿ ಕಟ್ಟಿಸೆಂದ. ಬಡವನ ಬಳಿ ಹಣವೆಲ್ಲಿಯದು? ಬಟ್ಟೆ ಒಗೆಯುವ ಕಲ್ಲನ್ನು ಎತ್ತಿ ನೋಡೆಂದ. ಕಲ್ಲಿನ ಕೆಳಗೆ ನಿಧಿ ಸಿಕ್ಕಿತು, ಗುಡಿಯೂ ಎದ್ದಿತು. ಆಮೇಲೆ ಮಡಿವಾಳನಿಗೆ ಕಾಶಿಗೆ ಹೋಗುವ ಆಸೆ. ಕಾಶಿಗಿಂತ ಈ ಜಾಗ ಒಂದು ಗುಲಗಂಜಿಯಷ್ಟು ಹೆಚ್ಚು, ಹೋಗಬೇಡವೆಂದು ದೇವರು ತಡೆದ. ಅದಕ್ಕೇ ಇಲ್ಲಿಯ ನರಸಿಂಹನ ಬೆರಳುಗಳ ನಡುವೆ ಗುಲಗಂಜಿ. ಅದು ಎಷ್ಟು ಸಣ್ಣದೆಂದರೆ ದೂರದಿಂದ ಕಾಣುವುದಿಲ್ಲ. ಅರ್ಚಕರು ಆರತಿಯನ್ನು ಕೈಯ ಬಳಿಗೆ ತಂದು ಹಿಡಿಯಬೇಕು, ಹಿಂದೆ ನಿಂತ ತಂದೆ ಮಗುವನ್ನು ಹೆಗಲಿಗೆ ಎತ್ತಿಕೊಳ್ಳಬೇಕು. ಹೊರಗೆ, ಹೊಳೆಯ ಮೆಟ್ಟಿಲುಗಳ ಕಡೆಯಿಂದ, ಕಲ್ಲಿನ ಮೇಲೆ ಬಟ್ಟೆ ಬಡಿಯುವ ಸದ್ದು ಕೇಳುತ್ತಿರುತ್ತದೆ.